ಮೂರು ಸಲ ಮನವಿ ಕೊಟ್ಟರೂ ರ‍್ಯಾಂಪ್ ಬಂದಿಲ್ಲ: ಪುರಸಭೆಗೆ ಏನನ್ನು, ಯಾವಾಗ, ಹೇಗೆ ಬರೆಯಬೇಕು?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಪುರಸಭೆ ಊರು. ವಿಕಲಚೇತನರು, ವಯಸ್ಸಾದವರು, ಎರಡು ಸ್ತ್ರೀಶಕ್ತಿ ಸಂಘದವರು ಸೇರಿ ಗುಂಪು ಮಾಡಿಕೊಂಡಿದ್ದೇವೆ. ಸಂತೆ ಮೈದಾನದ ಶೌಚಾಲಯಕ್ಕೆ ಮೂರು ಮೆಟ್ಟಿಲಿವೆ, ವೀಲ್‌ಚೇರ್ ಹತ್ತುವುದಿಲ್ಲ. ಮುಖ್ಯರಸ್ತೆಯ ಫುಟ್‌ಪಾತ್ ಮೇಲೆ ಕಣ್ಣಿದ್ದವರಿಗೇ ನಡೆಯುವುದು ಕಷ್ಟ. ಪರಿಶಿಷ್ಟರ ಕಾಲೊನಿಗೆ ಬೀದಿದೀಪ ಯಾವಾಗಲೂ ಕಡೆಗೆ. ಸಭೆಗೆ ಹೋಗಿ ಹೇಳೋಣವೆಂದರೆ ಸಭಾಂಗಣ ಮಹಡಿ ಮೇಲಿದೆ. ಮೂರು ಸಲ ಮನವಿ ಕೊಟ್ಟೆವು, ಸೀಲು ಹಾಕಿ ಕೊಟ್ಟರು, ಅಷ್ಟೇ. ಕೊನೆಯ ಮನವಿಯ ಪ್ರತಿ ಜೊತೆಗಿದೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನೀವು ಕಳಿಸಿದ ಪ್ರತಿಯಲ್ಲೇ ಅರ್ಧ ಉತ್ತರ ಇದೆ. ಒಂದೇ ಹಾಳೆಯಲ್ಲಿ 11 ಬೇಡಿಕೆ. ಮೊದಲನೆಯದು ಊರಿನ ಎಲ್ಲ ಸಾರ್ವಜನಿಕ ಕಟ್ಟಡಗಳಿಗೂ ರ‍್ಯಾಂಪ್ ಬೇಕೆಂದು, ಕೊನೆಯದು ಬೀದಿದೀಪದಲ್ಲಿ ತಾರತಮ್ಯ ನಿಲ್ಲಬೇಕೆಂದು. ಟಪಾಲಿನಲ್ಲಿ ಸೀಲು ಬಿದ್ದ ಮೇಲೆ ಈ ಹಾಳೆ ಯಾರ ಮೇಜಿಗೆ ಹೋಗಬೇಕು? ರ‍್ಯಾಂಪ್ ನೋಡುವವರು ಜೆಇ, ಅಂದರೆ ಕಿರಿಯ ಎಂಜಿನಿಯರ್. ಶೌಚಾಲಯದ ನೀರು, ಬೀಗ ಆರೋಗ್ಯ ನಿರೀಕ್ಷಕರದು. ವಿಕಲಚೇತನರಿಗೆಂದು ಪುರಸಭೆ ತೆಗೆದಿಡುವ ಶೇ 5ರ ಹಣ ಇನ್ನೊಬ್ಬ ವಿಷಯ ನಿರ್ವಾಹಕರದು. ಇಷ್ಟು ಜನರಿಗೆ ಸೇರಿದ ಕಾಗದಕ್ಕೆ ಕಡತ ತೆರೆಯುವವರು ಯಾರೂ ಇರುವುದಿಲ್ಲ. ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಷರಾ ಬರೆಸಿಕೊಂಡು ಅದು ಕಟ್ಟಿನೊಳಗೆ ಸೇರುತ್ತದೆ.

ಒಂದು ವಿಷಯಕ್ಕೆ ಒಂದು ಹಾಳೆ ಮಾಡಿ. ಹಾಳೆಯಲ್ಲಿ ಜಾಗ, ಅಳತೆ, ಬೇಕಾದ ಕೆಲಸ ಇರಲಿ. ಪುರಸಭೆಯಲ್ಲಿ ಕೆಲಸ ಶುರುವಾಗುವುದು ಅಂದಾಜು ಪಟ್ಟಿಯಿಂದ, ಅಂದರೆ ಕೆಲಸದ ಖರ್ಚಿನ ಲೆಕ್ಕದಿಂದ. ಜೆಇ ಅಂದಾಜು ಪಟ್ಟಿ ಬರೆಯಲು ಬೇಕಾದಷ್ಟು ವಿವರ ನಿಮ್ಮ ಮನವಿಯಲ್ಲೇ ಇದ್ದರೆ ಅದು ಮುಂದಕ್ಕೆ ಹೋಗುವ ಸಾಧ್ಯತೆ ಎಷ್ಟೋ ಹೆಚ್ಚು.

ಅದಕ್ಕೂ ಮೊದಲು ಜಾಗ ಯಾರದೆಂದು ತಿಳಿದುಕೊಳ್ಳಿ. ಊರೊಳಗೆ ಹಾದುಹೋಗುವ ರಸ್ತೆ ರಾಷ್ಟ್ರೀಯ ಹೆದ್ದಾರಿಯದೋ ಲೋಕೋಪಯೋಗಿ ಇಲಾಖೆಯದೋ ಪುರಸಭೆಯದೋ ಎಂಬುದು ನೋಡಿದರೆ ಗೊತ್ತಾಗುವುದಿಲ್ಲ. ಬಸ್ ನಿಲ್ದಾಣ ಕೆಎಸ್ಆರ್‌ಟಿಸಿಯದು, ಆಸ್ಪತ್ರೆ ಆರೋಗ್ಯ ಇಲಾಖೆಯದು. ಫುಟ್‌ಪಾತ್ ನಡುವಿನ ಕಂಬ, ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿ ಸೆಸ್ಕ್‌ನದು. ಸಂತೆ ಮೈದಾನ ಕೆಲವು ಊರಲ್ಲಿ ಎಪಿಎಂಸಿಯದಾಗಿರುತ್ತದೆ. ಬೇಲೂರಿನಂಥ ಕಡೆ ಇನ್ನೊಂದು ತೊಡಕುಂಟು: ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಸಿಮೆಂಟಿನ ರ‍್ಯಾಂಪ್ ಕೇಳಿದರೆ ಪುರಾತತ್ವ ಇಲಾಖೆಯ ಕಡೆ ಕೈತೋರಿಸಿ ಸುಮ್ಮನಾಗುತ್ತಾರೆ. ಎತ್ತಿಡುವ ಮರದ ಅಥವಾ ಕಬ್ಬಿಣದ ರ‍್ಯಾಂಪ್ ಕೇಳುವುದು ಜಾಣತನ. ಜಾಗದ ಒಡೆತನ ತಿಳಿಯಲು ಮಾಹಿತಿ ಹಕ್ಕಿನ ಒಂದು ಅರ್ಜಿ ಸಾಕು. ‘ಇಂಥ ಸರ್ಕಲ್‌ನಿಂದ ಇಂಥ ಶಾಲೆಯವರೆಗಿನ ರಸ್ತೆಯ ನಿರ್ವಹಣೆ ಯಾರದು’ ಎಂದಷ್ಟೇ ಕೇಳಿ.

ಇನ್ನು ಅಳತೆ. ಮನವಿಯ ತೂಕ ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಬೇಕಾದ ಸಾಮಾನು ಮೂರು: 5 ಮೀಟರ್ ಟೇಪು, ಗಾರೆ ಮೇಸ್ತ್ರಿಯ ಹತ್ತಿರ ಇರುವ ರಸಮಟ್ಟ, ಸರಿಯಾಗಿ 120 ಸೆಂ.ಮೀ.ಗೆ ಕೊಯ್ಸಿದ ನೇರ ಹಲಗೆ. ಈಗಾಗಲೇ ಇರುವ ರ‍್ಯಾಂಪ್ ಸರಿಯಿದೆಯೇ ನೋಡಲು ಹಲಗೆಯ ಒಂದು ತುದಿಯನ್ನು ರ‍್ಯಾಂಪಿನ ಮೇಲ್ಭಾಗದಲ್ಲಿಟ್ಟು, ಇನ್ನೊಂದು ತುದಿಯನ್ನು ಇಳಿಜಾರಿನ ಕಡೆಗೆ ಚಾಚಿ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೆ ಎತ್ತಿ ಹಿಡಿಯಿರಿ. ಆ ತುದಿಯಿಂದ ರ‍್ಯಾಂಪಿನ ನೆಲದವರೆಗೆ ಟೇಪು ಬಿಡಿ. 10 ಸೆಂ.ಮೀ. ಅಥವಾ ಕಡಿಮೆ ಬಂದರೆ ಇಳಿಜಾರು 1:12ರ (12 ಅಳತೆ ಉದ್ದಕ್ಕೆ 1 ಅಳತೆ ಏರು) ಒಳಗಿದೆ, ಅಂದರೆ ಸರಿಯಿದೆ. 20 ಬಂದರೆ 1:6, ಅಂದರೆ ತಳ್ಳುವವರು ಇದ್ದರೂ ವೀಲ್‌ಚೇರ್ ಹಿಂದಕ್ಕೆ ಜಾರುವ ಸ್ಥಿತಿ. ಟೇಪು ಕಾಣುವ ಹಾಗೆ ಫೋಟೊ ತೆಗೆಯಿರಿ. ‘ತುಂಬಾ ಕಡಿದಾಗಿದೆ’ ಎಂದು ಬರೆದರೆ ವಾದಕ್ಕೆ ಎಡೆ, ‘120ಕ್ಕೆ 27 ಸೆಂ.ಮೀ.’ ಎಂದು ಬರೆದರೆ ಇಲ್ಲ.

ನಿಮ್ಮ ಶೌಚಾಲಯದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಮೆಟ್ಟಿಲೊಂದಕ್ಕೆ 15 ಸೆಂ.ಮೀ. ಎಂದರೆ ಮೂರಕ್ಕೆ 45. ಹನ್ನೆರಡರಿಂದ ಗುಣಿಸಿ: 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಇದನ್ನು ಹೇಳದೆ ಬರೀ ‘ರ‍್ಯಾಂಪ್ ಮಾಡಿಕೊಡಿ’ ಎಂದರೆ ಮೆಟ್ಟಿಲಿನ ಮೇಲೆಯೇ ಒಂದೂವರೆ ಮೀಟರಿನ ಕಾಂಕ್ರೀಟ್ ಸುರಿದು ಹೋಗುತ್ತಾರೆ. ಅದು ಬೈಕು ಒಳಗೆ ಹತ್ತಿಸಲು ಅನುಕೂಲ, ಬೇರೆ ಯಾರಿಗೂ ಅಲ್ಲ. ಹಾಗೊಮ್ಮೆ ಸುರಿದ ಮೇಲೆ ದಾಖಲೆಯಲ್ಲಿ ರ‍್ಯಾಂಪ್ ಇದೆ ಎಂದೇ ಆಗುತ್ತದೆ, ಹೊಸದನ್ನು ಕೇಳುವುದು ಇನ್ನೂ ಕಷ್ಟ. ಮುಂದೆ ಅಷ್ಟು ಜಾಗವಿಲ್ಲ ಎನ್ನುವುದು ಸಾಮಾನ್ಯ ಉತ್ತರ. ಗೋಡೆಗುಂಟ ಪಕ್ಕಕ್ಕೆ ಹೊರಳಿಸಿ ಹಾಕಬಹುದು. ಇಲ್ಲವೇ ತಲಾ 2.7 ಮೀಟರಿನ ಎರಡು ತುಂಡು ಮಾಡಿ ನಡುವೆ 1.5 ಮೀಟರಿನ ಸಮತಟ್ಟು ಕೊಟ್ಟು ತಿರುಗಿಸಬಹುದು. ಅಗಲ 1.2 ಮೀಟರ್‌ಗೆ ಕಡಿಮೆಯಾಗಬಾರದು. ಮೇಲೆ ಬಾಗಿಲ ಮುಂದೆ, ಕೆಳಗೆ ನೆಲದ ಹತ್ತಿರ, ಎರಡೂ ಕಡೆ 1.5 ಮೀಟರ್ ಸಮತಟ್ಟು ಬೇಕೇಬೇಕು. ಇದನ್ನು ಬಿಟ್ಟರೆ ಬಾಗಿಲು ಎಳೆಯುವಾಗ ವೀಲ್‌ಚೇರ್ ಹಿಂದಕ್ಕೆ ಉರುಳುತ್ತದೆ. ಎರಡೂ ಬದಿಗೆ ಹಿಡಿಕೆ ಕಂಬಿ, ಸುಮಾರು 75 ಸೆಂ.ಮೀ. ಮತ್ತು 90 ಸೆಂ.ಮೀ. ಎತ್ತರದಲ್ಲಿ ಎರಡು ಸಾಲು. ಗಾಲಿ ಹೊರಗೆ ಜಾರದಂತೆ ಅಂಚಿಗೆ ಸಣ್ಣ ಕಟ್ಟೆ.

ಮೇಲ್ಮೈ ಬಗ್ಗೆ ಒಂದು ಸಾಲು ತಪ್ಪದೆ ಸೇರಿಸಿ. ನಮ್ಮ ಕಡೆ ಗ್ರಾನೈಟ್ ಸುಲಭವಾಗಿ ಸಿಗುತ್ತದೆಂದು ಪಾಲಿಶ್ ಕಲ್ಲು ಹಾಸುವ ಚಾಳಿ ಇದೆ. ಸಕಲೇಶಪುರ, ಆಲೂರಿನ ಕಡೆಯ ಮಳೆಗೆ ಜುಲೈ ಹೊತ್ತಿಗೆ ಅದರ ಮೇಲೆ ಪಾಚಿ ಕಟ್ಟಿ ಕಾಲೇ ನಿಲ್ಲುವುದಿಲ್ಲ. ಹಸಿ ಕಾಂಕ್ರೀಟಿನ ಮೇಲೆ ಇಳಿಜಾರಿಗೆ ಅಡ್ಡಲಾಗಿ ಪೊರಕೆ ಎಳೆದು ಗೆರೆ ಮೂಡಿಸಿದರೆ ಸಾಕು, ಖರ್ಚೂ ಕಡಿಮೆ. ರ‍್ಯಾಂಪಿನ ಬುಡದಲ್ಲಿ ಚರಂಡಿ ಇದ್ದರೆ ಜಾಲರಿಯ ಕಂಬಿಗಳು ನಡೆಯುವ ದಿಕ್ಕಿಗೆ ಅಡ್ಡಲಾಗಿರಲಿ, ಸಂದು 12 ಮಿ.ಮೀ. ಮೀರದಿರಲಿ. ಉದ್ದುದ್ದ ಇದ್ದರೆ ಮುಂದಿನ ಸಣ್ಣ ಚಕ್ರವೂ ಊರುಗೋಲಿನ ತುದಿಯೂ ಅದರೊಳಗೆ ಸಿಕ್ಕಿಕೊಳ್ಳುತ್ತವೆ.

ರ‍್ಯಾಂಪ್ ಹತ್ತಿ ಒಳಗೆ ಹೋದ ಮೇಲೆ ತಿರುಗಲು ಜಾಗವಿಲ್ಲದಿದ್ದರೆ ಏನು ಬಂತು? ಬಾಗಿಲು 90 ಸೆಂ.ಮೀ. ತೆರವಿರಬೇಕು ಮತ್ತು ಹೊರಕ್ಕೆ ತೆರೆಯಬೇಕು, ಯಾಕೆಂದರೆ ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದೆ. ಒಳಗೆ 1.5 ಮೀಟರ್ ವ್ಯಾಸದ ತೆರವು, ಕಮೋಡ್ ಸೀಟು 45ರಿಂದ 48 ಸೆಂ.ಮೀ. ಎತ್ತರ, ಪಕ್ಕದಲ್ಲಿ ಹಿಡಿಕೆ ಕಂಬಿ. ಹೆಚ್ಚು ಕೆಡುವುದು ಈ ಕಂಬಿಯೇ. ಟೈಲ್ಸ್ ಮೇಲೆ ಪ್ಲಾಸ್ಟಿಕ್ ಪ್ಲಗ್ ಹೊಡೆದು ಸ್ಕ್ರೂ ಹಾಕಿರುತ್ತಾರೆ. ಟೊಳ್ಳು ಬ್ಲಾಕಿನ ಗೋಡೆಯಾದರೆ ಎರಡು ತಿಂಗಳಿಗೆ ಕೈಗೆ ಬರುತ್ತದೆ, ಅದೂ ಪೂರ್ತಿ ಮೈಭಾರ ಹಾಕಿದ ಗಳಿಗೆಯಲ್ಲಿ. ಗೋಡೆಯ ಆಚೆ ಬದಿಗೆ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಯಬೇಕು ಎಂದು ಬರೆಯಿರಿ. ಬೀಗದ ಮಾತನ್ನೂ ಬರೆಯಿರಿ. ವಿಕಲಚೇತನರ ಶೌಚಾಲಯಕ್ಕೆ ಬೀಗ ಹಾಕಿ ಒಳಗೆ ಪೊರಕೆ, ಬ್ಲೀಚಿಂಗ್ ಪುಡಿ ಚೀಲ ಇಡುವುದು ಎಲ್ಲ ಊರಲ್ಲೂ ಕಾಣುವ ನೋಟ. ಅದಕ್ಕೆ ಬೈದು ಪ್ರಯೋಜನವಿಲ್ಲ. ಪೌರಕಾರ್ಮಿಕರಿಗೆ ಸಾಮಾನು ಇಡಲು ಬೇರೆ ಗೂಡು ಬೇಕೆಂದು ಅದೇ ಮನವಿಯಲ್ಲಿ ಕೇಳಿ.

ಫುಟ್‌ಪಾತ್ ವಿಷಯದಲ್ಲಿ ಆಸೆ ಕಡಿಮೆ ಮಾಡಿಕೊಳ್ಳಿ ಎನ್ನುವುದು ನಮ್ಮ ಸಲಹೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಬೇಕು. ಹಳೇ ಪೇಟೆ ಬೀದಿಯಲ್ಲಿ ಅದು ಆಗುವ ಮಾತಲ್ಲ. ಊರಿಡೀ ಕೇಳುವ ಬದಲು ಒಂದೇ ದಾರಿ ಆರಿಸಿ: ಬಸ್ ನಿಲ್ದಾಣದಿಂದ ಆಸ್ಪತ್ರೆಗೆ, ಅಲ್ಲಿಂದ ತಾಲ್ಲೂಕು ಕಚೇರಿಗೆ. ಗುಂಪಿನಲ್ಲಿ ವೀಲ್‌ಚೇರ್‌ನವರು, ಬಿಳಿ ಕೋಲಿನವರು, ಮಂಡಿ ನೋವಿನ ಅಜ್ಜಿ, ಮಗು ಎತ್ತಿಕೊಂಡ ತಾಯಿ ನಾಲ್ಕೂ ಜನ ಆ ದಾರಿಯಲ್ಲಿ ನಡೆದು ಎಲ್ಲೆಲ್ಲಿ ರಸ್ತೆಗಿಳಿಯಬೇಕಾಯಿತು ಎಂದು ಗುರುತು ಮಾಡಿ. ಚಪ್ಪಡಿ ಇಲ್ಲದ ಚರಂಡಿ, ಕಂಬ, ಅಂಗಡಿಯ ಮುಂಚಾಚಿದ ಮೆಟ್ಟಿಲು, ಪ್ರತಿಯೊಂದಕ್ಕೂ ನಂಬರು ಕೊಟ್ಟು ಎದುರಿನ ಅಂಗಡಿಯನ್ನು ಗುರುತಾಗಿ ಬರೆಯಿರಿ. ನಾಲ್ಕು ಜನರನ್ನೂ ಕರೆದೊಯ್ಯಿ ಎಂದದ್ದಕ್ಕೆ ಕಾರಣವಿದೆ. ವೀಲ್‌ಚೇರ್‌ನವರಿಗೆ ಫುಟ್‌ಪಾತ್ ಅಂಚು ರಸ್ತೆಗೆ ಸಮನಾಗಿ ಇಳಿಯಬೇಕು. ಕಣ್ಣು ಕಾಣದವರಿಗೆ ಹಾಗೆ ಸಮನಾದರೆ ರಸ್ತೆ ಎಲ್ಲಿ ಶುರುವಾಯಿತೆಂದೇ ತಿಳಿಯುವುದಿಲ್ಲ. ಇಬ್ಬರಿಗೂ ಆಗುವ ಪರಿಹಾರ ಎಂದರೆ ಇಳಿಜಾರಿನ ತುದಿಗೆ ಚುಕ್ಕೆ ಟೈಲ್ಸ್ ಸಾಲು. ಗೆರೆ ಇರುವ ಟೈಲ್ಸ್ ‘ಹೀಗೆ ನಡೆ’ ಎಂದು, ಚುಕ್ಕೆಯದು ‘ನಿಲ್ಲು, ನೋಡು’ ಎಂದು. ಎಷ್ಟೋ ಕಡೆ ಹಳದಿ ಬಣ್ಣ ಚೆಂದ ಕಾಣುತ್ತದೆಂದು ಎರಡನ್ನೂ ಬೆರೆಸಿ ಹಾಕಿ, ಗೆರೆಯನ್ನು ನೇರ ಕಂಬಕ್ಕೆ ಕೊಂಡೊಯ್ದು ನಿಲ್ಲಿಸಿರುತ್ತಾರೆ.

ತಳ್ಳುಗಾಡಿಯವರನ್ನು ಎಬ್ಬಿಸಿ ಎಂದು ಮಾತ್ರ ಬರೆಯಬೇಡಿ. ಅದೊಂದು ಸಾಲನ್ನು ಹಿಡಿದುಕೊಂಡು ಉಳಿದದ್ದನ್ನೆಲ್ಲ ಬಿಟ್ಟುಬಿಡುತ್ತಾರೆ, ಊರಿನ ಅರ್ಧ ಬಡವರು ನಿಮ್ಮ ಎದುರಾಳಿಗಳಾಗುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಜನ ವ್ಯಾಪಾರಿಗಳೇ ಆಗಿರಬೇಕು, ವಿಕಲಚೇತನ ವ್ಯಾಪಾರಿಗಳಿಗೂ ಪ್ರಾತಿನಿಧ್ಯ ಸಿಗಬೇಕು. ಗಾಡಿಗಳು ಎಲ್ಲಿ ನಿಂತರೆ ದಾರಿ ಬಿಡುತ್ತದೆ ಎಂಬುದನ್ನು ಆ ಸಮಿತಿಯಲ್ಲಿ ಮಾತಾಡಿ.

ಕಾನೂನಿಗೆ ಬರೋಣ. ನಿಮ್ಮ ಮನವಿಯಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಸೆಕ್ಷನ್ 23 ಎಂದು ಬರೆದಿದ್ದೀರಿ. ಅದು ಸರ್ಕಾರಿ ನೌಕರಿಯಲ್ಲಿರುವವರ ದೂರಿಗೆ ಸಂಬಂಧಿಸಿದ್ದು, ರ‍್ಯಾಂಪಿಗಲ್ಲ. ಹೀಗೆ ತಪ್ಪು ಸೆಕ್ಷನ್ ಹಾಕಿದರೆ ಅನ್ವಯಿಸುವುದಿಲ್ಲ ಎಂದು ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಟ್ಟು ಮುಗಿಸಬಹುದು. ನಿಮಗೆ ಬೇಕಾದದ್ದು ಸೆಕ್ಷನ್ 45: ಈಗಿರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಹೊರಟ ದಿನದಿಂದ 5 ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕು. ಕೇಂದ್ರದ ನಿಯಮ ಹೊರಟದ್ದು 2017ರ ಜೂನ್‌ನಲ್ಲಿ, ಆ 5 ವರ್ಷ 2022ಕ್ಕೇ ತುಂಬಿತು. ಹೊಸ ಕಟ್ಟಡಕ್ಕೆ ಸೆಕ್ಷನ್ 44: ಪ್ರವೇಶ ಸೌಲಭ್ಯದ ನಿಯಮ ಪಾಲಿಸದ ನಕ್ಷೆಗೆ ಅನುಮತಿಯನ್ನಾಗಲಿ, ಮುಗಿದ ಕಟ್ಟಡಕ್ಕೆ ಪೂರ್ಣತಾ ಪ್ರಮಾಣಪತ್ರವನ್ನಾಗಲಿ ಕೊಡುವಂತಿಲ್ಲ. ಕಾಯ್ದೆ ಮುರಿದರೆ ಸೆಕ್ಷನ್ 89ರಡಿ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ ದಂಡ. ಇದನ್ನು ಮೊದಲ ಮನವಿಯಲ್ಲೇ ಬರೆದು ಹೆದರಿಸಬೇಡಿ, ಎರಡನೆಯದಕ್ಕೆ ಇರಲಿ.

ಒಂದು ಎಚ್ಚರಿಕೆ. ಹಳೆಯ ಮಾದರಿ ಅರ್ಜಿಗಳಲ್ಲಿ ‘ನಿಯಮ 15ರ ಪ್ರಕಾರ’ ಎಂದಿರುತ್ತದೆ. ರಾಜೀವ್ ರಾತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ನಿಯಮ 15(1) ಮೂಲ ಕಾಯ್ದೆಗೆ ಹೊಂದುವುದಿಲ್ಲ ಎಂದಿತು. ಕಾಯ್ದೆ ಕಡ್ಡಾಯ ಮಾಡಿದ್ದನ್ನು ಆ ನಿಯಮ ಬರೀ ಶಿಫಾರಸಿನ ಮಟ್ಟಕ್ಕೆ ಇಳಿಸಿತ್ತು ಎಂಬುದು ಕಾರಣ. ಕಡ್ಡಾಯ ಮಾನದಂಡ ಬೇರೆ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ತೀರ್ಪು ನಿಮ್ಮ ಪರವಾಗಿಯೇ ಇದೆ. ಆದರೂ ಬಿದ್ದುಹೋದ ನಿಯಮವನ್ನು ಆಧಾರವಾಗಿಟ್ಟು ಬರೆದರೆ ಅರ್ಜಿ ಕುಂಟುತ್ತದೆ. ಆಧಾರಕ್ಕೆ ಸೆಕ್ಷನ್‌ಗಳನ್ನು ಹಾಕಿ, ಅಳತೆಗೆ ಮಾತ್ರ ಕೇಂದ್ರ ವಸತಿ ಮತ್ತು ನಗರ ವ್ಯವಹಾರ ಸಚಿವಾಲಯದ 2021ರ ಸಾರ್ವತ್ರಿಕ ಪ್ರವೇಶ ಮಾರ್ಗಸೂಚಿಯನ್ನು ಹೆಸರಿಸಿ.

ಹಣ ಇಲ್ಲ ಎನ್ನುವ ಉತ್ತರ ಬಂದೇ ಬರುತ್ತದೆ. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ವಿಕಲಚೇತನರಿಗೆ ಶೇ 5 ಹಣ ತೆಗೆದಿಡಬೇಕು. ಇದು ಗೊತ್ತಿದ್ದವರೆಲ್ಲ ರ‍್ಯಾಂಪನ್ನೂ ಶೇ 5ರಲ್ಲೇ ಮಾಡಿ ಎನ್ನುತ್ತಾರೆ. ನಮಗೆ ಅದು ಸರಿ ಕಾಣುವುದಿಲ್ಲ. ಶೇ 5 ಇರುವುದು ವ್ಯಕ್ತಿಗಳಿಗೆ: ಸಾಧನ ಸಲಕರಣೆ, ವೈದ್ಯಕೀಯ ನೆರವು, ಸ್ವಉದ್ಯೋಗ. ಸಾರ್ವಜನಿಕ ಕಟ್ಟಡದ ರ‍್ಯಾಂಪ್ ಆ ಕಟ್ಟಡದ ಭಾಗ, ಬಾಗಿಲು ಕಿಟಕಿಯಂತೆ ಕಟ್ಟಡ ನಿರ್ವಹಣೆಯ ಹಣದಲ್ಲೇ ಆಗಬೇಕು. ಒಮ್ಮೆ ಶೇ 5ರಲ್ಲಿ ಸಿಮೆಂಟು ಕೆಲಸ ತೂರಿದರೆ ಆ ವರ್ಷ ತ್ರಿಚಕ್ರ ವಾಹನ, ಶ್ರವಣ ಸಾಧನ ಕೇಳಿದವರು ಬರಿಗೈ.

ಕೊಡುವ ಕಾಲವೂ ಮುಖ್ಯ. ನಿಮ್ಮ ಮೂರು ಮನವಿಗಳ ತಾರೀಖು ನೋಡಿದರೆ ಎರಡು ಏಪ್ರಿಲ್-ಮೇ, ಒಂದು ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದ ಸಮಾರಂಭದಲ್ಲಿ ಹಾರ ತುರಾಯಿಯ ನಡುವೆ ಕೊಟ್ಟದ್ದು. ಏಪ್ರಿಲ್ ಹೊತ್ತಿಗೆ ಆ ವರ್ಷದ ಬಜೆಟ್ ಮುಗಿದಿರುತ್ತದೆ. ಬಜೆಟ್ ಪೂರ್ವಭಾವಿ ಸಭೆಗಳು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯೊಳಗೆ ನಡೆಯುತ್ತವೆ, ಸಾರ್ವಜನಿಕರನ್ನೂ ಕರೆಯುತ್ತಾರೆ. ಅಕ್ಟೋಬರ್‌ನಲ್ಲಿ ಅಳತೆ ಮುಗಿಸಿ ನವೆಂಬರ್ ಮೊದಲ ವಾರ ಮುಖ್ಯಾಧಿಕಾರಿಗೆ ಕೊಡಿ. ಪ್ರತಿ ಜೆಇಗೆ, ನಿಮ್ಮ ವಾರ್ಡ್ ಸದಸ್ಯರಿಗೆ, ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ, ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ. ಸೀಲಿನ ಜೊತೆ ಆವಕ ಸಂಖ್ಯೆ (ಒಳಬಂದ ಕಾಗದಕ್ಕೆ ಕಚೇರಿ ಕೊಡುವ ನಂಬರು) ಬರೆಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಬರೀ ದುಂಡು ಸೀಲಿನಿಂದ ಕಡತ ಹುಡುಕಲು ಆಗುವುದಿಲ್ಲ. ವಿಕಲಚೇತನರಿಗೆ ನೆರವಾಗಲು ನಿಮ್ಮ ಊರಿನಲ್ಲಿರುವ ನಗರ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಂಡು ಹೋಗಿ, ಯಾವ ಕಾಗದ ಯಾರ ಮೇಜಿನಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಮನವಿಯ ಒಳಗಿನ ಸಾಲು ಹೀಗಿದ್ದರೆ ಸಾಕು: ‘ಸಂತೆ ಮೈದಾನದ ಪೂರ್ವ ಬದಿಯ ಸಾರ್ವಜನಿಕ ಶೌಚಾಲಯದ ಮುಂದೆ 15 ಸೆಂ.ಮೀ.ನ 3 ಮೆಟ್ಟಿಲುಗಳಿವೆ, ಒಟ್ಟು ಏರು 45 ಸೆಂ.ಮೀ. ಉತ್ತರದ ಗೋಡೆಗುಂಟ 9 ಮೀಟರ್ ಖಾಲಿ ಜಾಗವಿದೆ. ಅಲ್ಲಿ 1:12 ಇಳಿಜಾರಿನ, 5.4 ಮೀಟರ್ ಉದ್ದ, 1.2 ಮೀಟರ್ ಅಗಲದ ರ‍್ಯಾಂಪನ್ನು ಮೇಲೆ ಮತ್ತು ಕೆಳಗೆ ತಲಾ 1.5 ಮೀಟರ್ ಸಮತಟ್ಟಿನೊಂದಿಗೆ ನಿರ್ಮಿಸಲು ಅಂದಾಜು ಪಟ್ಟಿ ತಯಾರಿಸಿ ಮುಂದಿನ ಸಾಲಿನ ಕ್ರಿಯಾ ಯೋಜನೆಗೆ ಸೇರಿಸಬೇಕಾಗಿ ಕೋರಿಕೆ. ಜಂಟಿ ಸ್ಥಳ ಪರಿಶೀಲನೆಗೆ ದಿನ ತಿಳಿಸಿದರೆ ನಮ್ಮ ಸದಸ್ಯರು ಹಾಜರಿರುತ್ತಾರೆ.’ ನಿಮ್ಮ ಜಾಗದ ಅಳತೆ ಹಾಕಿಕೊಳ್ಳಿ. ಯಾರ ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ವೈದ್ಯಕೀಯ ಪತ್ರವನ್ನೂ ಲಗತ್ತಿಸಬೇಡಿ. ಸಾರ್ವಜನಿಕ ಕಟ್ಟಡಕ್ಕೆ ದಾರಿ ಕೇಳಲು ಯಾರೂ ತಮ್ಮ ಕಾಯಿಲೆ ಸಾಬೀತು ಮಾಡಬೇಕಿಲ್ಲ.

ಸಭಾಂಗಣ ಮಹಡಿ ಮೇಲಿದೆ ಎಂಬ ನಿಮ್ಮ ದೂರನ್ನು ಮೊದಲ ಹಾಳೆ ಮಾಡಿ. ಲಿಫ್ಟ್ ಕೇಳಬೇಡಿ, ಅದಕ್ಕೆ ವರ್ಷಗಳು ಬೇಕು. ಬಜೆಟ್ ಪೂರ್ವಭಾವಿ ಸಭೆಯನ್ನು ನೆಲಮಹಡಿಯಲ್ಲಿ ಅಥವಾ ಹತ್ತಿರದ ಶಾಲೆಯ ಕೋಣೆಯಲ್ಲಿ ನಡೆಸಿ, ಕಿವುಡರು ಬರುವುದಿದ್ದರೆ ಸಂಜ್ಞಾ ಭಾಷೆ ಬಲ್ಲವರನ್ನು ಕರೆಸಿ ಎಂದು ಕೇಳಿ. ಸೆಕ್ಷನ್ 3ರಲ್ಲಿ ಹೇಳಿದ ಯುಕ್ತ ಅನುಕೂಲ ಎಂದರೆ ಇದೇ. ಜಾಗ ಬದಲಿಸಲು ಅಂದಾಜು ಪಟ್ಟಿ ಬೇಡ, ಟೆಂಡರ್ ಬೇಡ, ಒಂದು ಸೂಚನಾ ಪತ್ರ ಸಾಕು. ಮಾಸಿಕ ಸಾಮಾನ್ಯ ಸಭೆ ಬೇರೆ: ಅಲ್ಲಿ ಮಾತಾಡುವ ಹಕ್ಕು ಸದಸ್ಯರದು, ನಿಮ್ಮದಲ್ಲ. ನಿಮ್ಮ ವಿಷಯವನ್ನು ಕಾರ್ಯಸೂಚಿಗೆ ಸೇರಿಸಲು ಸದಸ್ಯರಿಗೆ ಮುಂಚೆಯೇ ಲಿಖಿತವಾಗಿ ಕೊಡಿ, ಸಭೆಯಾದ ಮೇಲೆ ನಡವಳಿಯ ಪ್ರತಿ ಕೇಳಿ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಆ ಅಧಿಕಾರವೆಲ್ಲ ಆಡಳಿತಾಧಿಕಾರಿಯದು, ಮನವಿ ಅವರ ಹೆಸರಿಗೆ ಹೋಗಬೇಕು.

ಬೀದಿದೀಪದ ಪ್ರಶ್ನೆಗೆ ಟೇಪು ಸಾಲದು, ಹೋಲಿಕೆ ಬೇಕು. ‘ನಮ್ಮ ಕಾಲೊನಿಯಲ್ಲಿ ಕತ್ತಲೆ’ ಎಂದರೆ ಊರೆಲ್ಲ ಕತ್ತಲೆಯೇ ಎಂದು ತಳ್ಳಿಹಾಕಬಹುದು. ಒಂದು ರಾತ್ರಿ ಎಲ್ಲ ವಾರ್ಡ್‌ಗಳಲ್ಲಿ ಉರಿಯುವ, ಉರಿಯದ ಕಂಬಗಳನ್ನು ಎಣಿಸಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಕಳೆದ 3 ವರ್ಷದ ಶೇ 24.10ರ ಕಾಮಗಾರಿಗಳ ಪಟ್ಟಿ ಕೇಳಿ: ಕಾಮಗಾರಿಯ ಹೆಸರು, ವಾರ್ಡ್, ಮೊತ್ತ, ಖರ್ಚಾಗದೆ ಉಳಿದ ಹಣ. ಪಟ್ಟಿ ಬಂದಾಗ ಹೆಸರನ್ನು ನಂಬದೆ ಜಾಗಕ್ಕೆ ಹೋಗಿ ನೋಡಿ. ‘ಕಾಲೊನಿಗೆ ಹೋಗುವ ರಸ್ತೆ’ ಎಂಬ ಹೆಸರಿನ ಡಾಂಬರು ಕಾಲೊನಿಗೆ ಅರ್ಧ ಕಿಲೋಮೀಟರ್ ಮೊದಲೇ ನಿಂತಿರಬಹುದು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಮೀರಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. 30 ದಿನದೊಳಗೆ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಮನವಿ ಕೊಟ್ಟು ತಿಂಗಳಾದರೂ ಹಿಂಬರಹ ಇಲ್ಲವೆಂದರೆ ಆವಕ ಸಂಖ್ಯೆ ಹಾಕಿ ನೆನಪೋಲೆ ಕೊಡಿ, ಈ ಸಲ ಸೆಕ್ಷನ್ 89 ಸೇರಿಸಿ. ಮತ್ತೂ ಇಲ್ಲವೆಂದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಅಂಚೆಯಲ್ಲೇ ದೂರು ಕಳಿಸಬಹುದು. ಅವರಿಗೆ ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಸೆಕ್ಷನ್ 81ರಂತೆ 3 ತಿಂಗಳೊಳಗೆ ಕ್ರಮ ತಿಳಿಸಬೇಕು, ಒಪ್ಪದಿದ್ದರೆ ಕಾರಣವನ್ನು ನಿಮಗೂ ತಿಳಿಸಬೇಕು. ಅಲ್ಲಿಗೆ ಹೋಗುವಾಗ ಅಳತೆಯ ಫೋಟೊ, ಮನವಿ ಮತ್ತು ನೆನಪೋಲೆಯ ಆವಕ ಸಂಖ್ಯೆ, ಒಂದು ಪುಟದ ದಿನಾಂಕಪಟ್ಟಿ ಸಾಕು. 1902 ನಂಬರಿನ ಸರ್ಕಾರಿ ಸಹಾಯವಾಣಿ ಕೆಟ್ಟ ದೀಪ, ಒಡೆದ ಚಪ್ಪಡಿಗೆ ಪರವಾಗಿಲ್ಲ, ಕಟ್ಟಡ ಕೆಲಸಕ್ಕೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಕೆಲಸ ಮಂಜೂರಾಯಿತು ಎಂದು ಹಾರ ಹಾಕಿ ಮನೆಗೆ ಹೋಗುವುದು ಕೊನೆಯ ತಪ್ಪು. ಅಂದಾಜು ಪಟ್ಟಿಯ ಪ್ರತಿ ಇಟ್ಟುಕೊಂಡು, ಗುತ್ತಿಗೆದಾರರ ಮೇಸ್ತ್ರಿ ಸುಣ್ಣದಲ್ಲಿ ಗೆರೆ ಎಳೆಯುವ ದಿನವೇ ವೀಲ್‌ಚೇರ್ ಬಳಸುವವರೊಬ್ಬರು ಸ್ಥಳದಲ್ಲಿರಿ. ಗೆರೆ 5.4 ಮೀಟರ್ ಇದೆಯೇ, ಮೇಲೆ ಸಮತಟ್ಟು ಬಿಟ್ಟಿದ್ದಾರೆಯೇ ಅಳೆಯಿರಿ. ಆಗ ಅಳಿಸುವುದಕ್ಕೆ ಒಂದು ಬಕೆಟ್ ನೀರು ಸಾಕು, ಕಾಂಕ್ರೀಟ್ ಬಿದ್ದ ಮೇಲೆ ಬ್ರೇಕರ್ ಬೇಕು. ಕೆಲಸ ಮುಗಿದು, ಬಿಲ್ಲಿಗೆ ಆಧಾರವಾಗುವ ಅಳತೆ ಪುಸ್ತಕಕ್ಕೆ ಏರುವ ಮೊದಲು ಅದೇ 120 ಸೆಂ.ಮೀ. ಹಲಗೆಯನ್ನು ಮತ್ತೊಮ್ಮೆ ಇಟ್ಟು ನೋಡಿ. 10 ಸೆಂ.ಮೀ. ಮೀರಿದರೆ ಅಂದೇ ಫೋಟೊ ಸಹಿತ ಮುಖ್ಯಾಧಿಕಾರಿಗೆ ಲಿಖಿತವಾಗಿ ಕೊಡಿ, ಬಿಲ್ಲು ಪಾಸಾದ ಮೇಲೆ ಸರಿಪಡಿಸಲು ಯಾರೂ ವಾಪಸ್ ಬರುವುದಿಲ್ಲ.